ಹತ್ತದ ಹಳದಿ ದೀಪ

ಕಾರಿನ ಮೀಟರ್ ಬೋರ್ಡಿನಲ್ಲಿ ಹಳದಿ ಬಣ್ಣದ ಒಂದು ಪುಟ್ಟ ಚಿತ್ರ ಇರುತ್ತದೆ. ಅದು ಇಂಜಿನ್ ಅಂತ ಯಾರಾದರೂ ಹೇಳಿದ ಮೇಲೆಯೇ ಗೊತ್ತಾಗುವುದು. ಅದು ಹತ್ತಿಕೊಂಡರೆ ಕೆಲವರಿಗೆ ಎದೆ ಧಸಕ್ ಅನ್ನುತ್ತದೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಎರಡನೆಯ ಗುಂಪೇ ದೊಡ್ಡದು. "ಅದು ಸೆನ್ಸರ್ ಪ್ರಾಬ್ಲಂ ಅಷ್ಟೇ, ಗಾಡಿ ಏನೂ ಆಗಿಲ್ಲ" ಅಂದುಕೊಂಡು ಓಡಿಸುತ್ತಿರುತ್ತಾರೆ. ನಮ್ಮಲ್ಲಿ ಮನುಷ್ಯರ ಎಲ್ಲಾ ನೋವಿಗೂ 'ಗ್ಯಾಸು' ಹೇಗೋ, ಕಾರಿನ ಎಲ್ಲಾ ನೋವಿಗೂ 'ಸೆನ್ಸರು' ಹಾಗೆ.

ನನಗೆ ಇವರ ಬಗ್ಗೆ ಅಷ್ಟೇನೂ ಚಿಂತೆಯಿಲ್ಲ. ಅವರಿಗೆ ದೀಪ ಕಾಣುತ್ತಿದೆ, ಇವತ್ತಲ್ಲ ನಾಳೆ ಗ್ಯಾರೇಜಿಗೆ ಹೋಗುತ್ತಾರೆ. ಚಿಂತೆ ಆಗುವುದು ಎದೆ ತಟ್ಟಿಕೊಂಡು "ಹತ್ತು ವರ್ಷದ ಗಾಡಿ ಸ್ವಾಮಿ, ಆ ಲೈಟು ಒಂದು ದಿನಾನೂ ಬಂದಿಲ್ಲ" ಅನ್ನುವವರನ್ನು ಕಂಡರೆ. ಒಂದು ದಿನಾನೂ ಬಂದಿಲ್ಲವೇ? ಅದು ದಿನಾ ಬೆಳಗ್ಗೆ ಬರಬೇಕಲ್ಲ!

ಕೀ ತಿರುಗಿಸಿ, ಸೆಲ್ಫ್ ಹೊಡೆಯುವ ಮುಂಚೆ ಒಂದು ಕ್ಷಣ ನಿಲ್ಲಿಸಿ ನೋಡಿ. ಬ್ಯಾಟರಿ, ಆಯಿಲ್, ಹ್ಯಾಂಡ್‌ಬ್ರೇಕ್, ಏರ್‌ಬ್ಯಾಗ್ ಎಲ್ಲ ಒಟ್ಟಿಗೆ ಹತ್ತುತ್ತವೆ. ಅವುಗಳ ಜೊತೆ ಈ ಹಳದಿಯದೂ ಹತ್ತಬೇಕು. ಇಂಜಿನ್ ಶುರುವಾದ ಮೇಲೆ ಆರಬೇಕು. ಪರೀಕ್ಷೆ ಅಂದರೆ ಇಷ್ಟೇ. ಖರ್ಚಿಲ್ಲ, ಸ್ಪ್ಯಾನರ್ ಬೇಡ. ಆದರೆ ಕೀ ಹಾಕಿದ ಕೈ ಮಧ್ಯದಲ್ಲಿ ನಿಲ್ಲುವುದೇ ಇಲ್ಲ, ಒಂದೇ ಏಟಿಗೆ ಸೆಲ್ಫ್‌ಗೆ ಹೋಗಿಬಿಡುತ್ತದೆ. ದೀಪಗಳು ಬಂದಿದ್ದೂ ಗೊತ್ತಿಲ್ಲ, ಹೋಗಿದ್ದೂ ಗೊತ್ತಿಲ್ಲ. ಬಟನ್ ಇರುವ ಗಾಡಿಯಾದರೆ ಬ್ರೇಕ್ ತುಳಿಯದೆ ಬಟನ್ ಒತ್ತಿ ನೋಡಬೇಕು. ಕೆಲವಕ್ಕೆ ಎರಡು ಸಲ ಒತ್ತಬೇಕು.

ಕಾರ್ಬುರೇಟರ್ ಕಾಲದ ಅಂಬಾಸಿಡರ್, ಪದ್ಮಿನಿಗಳಿಗೆ ಈ ದೀಪದ ರಗಳೆಯೇ ಇರಲಿಲ್ಲ. ಮೆಕ್ಯಾನಿಕ್ ಬಾನೆಟ್ ಎತ್ತಿ, ತಲೆ ಓರೆ ಮಾಡಿ ಸದ್ದು ಕೇಳಿ, "ಪಾಯಿಂಟ್ ಹೋಗಿದೆ" ಅನ್ನುತ್ತಿದ್ದ. ಆಮೇಲೆ ಪೆಟ್ರೋಲ್ ಅಳೆದು ಕೊಡುವ ಕೆಲಸ ಕಂಪ್ಯೂಟರಿಗೆ ಹೋಯಿತು. ತಪ್ಪಾದರೆ ಹೇಳುವ ಕೆಲಸವೂ ಅದರ ಪಾಲಿಗೇ ಬಂತು. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಒಬಿಡಿ-2 ಅನ್ನುವ ಈ ವ್ಯವಸ್ಥೆ ಎಲ್ಲಾ ಕಾರಿಗೂ ಕಡ್ಡಾಯ. ನಮ್ಮಲ್ಲಿ ಮೊದಲ ಹಂತ 2010ರ ಏಪ್ರಿಲ್‌ನಲ್ಲಿ, ಎರಡನೆಯದು 2013ರಲ್ಲಿ ಬಂತು. ಇದು ಬಂದಿದ್ದು ಕಾರಿನ ಯಜಮಾನರ ಹಿತಕ್ಕೆ ಅಂತಲ್ಲ, ಹೊಗೆ ಕಡಿಮೆಯಾಗಲಿ ಅಂತ. ಅದಕ್ಕೇ ಇರಬೇಕು, ಒಮ್ಮೊಮ್ಮೆ ಗಾಡಿ ಓಡುವುದರಲ್ಲಿ ನಮಗೇನೂ ವ್ಯತ್ಯಾಸ ಕಾಣದಿದ್ದರೂ ದೀಪ ಹತ್ತಿ ಕೂತಿರುತ್ತದೆ. ಸುಮ್ಮನೆ ಹತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋದರಾಯಿತು. ಮಿಣಮಿಣ ಅಂತ ಮಿನುಗುತ್ತಿದ್ದರೆ ಮಾತ್ರ ಹಾಗೆ ಬಿಡುವಂತಿಲ್ಲ. ಇಂಜಿನ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಅಂತ ಅರ್ಥ. ಅದರ ಬೆಲೆ ಕೇಳಿದರೆ ನಮಗೇ ಬಿಸಿಯೇರುತ್ತದೆ.

ತಮಾಷೆ ಏನೆಂದರೆ, ಹೊಗೆಗಾಗಿಯೇ ಇಟ್ಟ ಈ ದೀಪವನ್ನು ನಮ್ಮ ಎಮಿಷನ್ ಟೆಸ್ಟಿನವರು ತಿರುಗಿಯೂ ನೋಡುವುದಿಲ್ಲ. ಸೈಲೆನ್ಸರಿಗೆ ಪೈಪು, ನಂಬರ್ ಪ್ಲೇಟಿಗೊಂದು ಫೋಟೋ, ಕೈಗೆ ಚೀಟಿ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. ಸ್ಯಾನ್ ಹೋಸೆಯಲ್ಲಿರುವ ನನ್ನ ತಮ್ಮನ ಮಗ ಹಳೇ ಕಾರನ್ನು ಅಲ್ಲಿನ ಸ್ಮಾಗ್ ಚೆಕ್‌ಗೆ ಒಯ್ದಿದ್ದ. ಪರೀಕ್ಷೆಯವನು ಕೀ ಆನ್ ಮಾಡಿ ದೀಪ ನೋಡಿದ. ಹತ್ತಲಿಲ್ಲ. ಗಾಡಿ ಫೇಲು. "ದೊಡ್ಡಪ್ಪಾ, ಇಂಜಿನ್ ಸರಿಯಾಗಿದೆ, ಬಲ್ಬು ಸರಿಯಿಲ್ಲ ಅಂತ ಫೇಲ್ ಮಾಡ್ತಾರಲ್ಲ!" ಅಂತ ಫೋನಿನಲ್ಲಿ ಕೂಗಾಡಿದ. ನನಗೆ ಮಾತ್ರ ಆ ಪರೀಕ್ಷೆಯವನ ಮೇಲೆ ಗೌರವ ಹೆಚ್ಚಾಯಿತು.

ಯಾಕೆಂದರೆ ದೀಪ ತಾನಾಗಿ ಕೆಡುವುದು ಒಂದು, ಅದನ್ನು ಕೆಡಿಸುವುದು ಇನ್ನೊಂದು. ಹಳೇ ಗಾಡಿ ಮಾರುವವರಲ್ಲಿ ಕೆಲವರಿಗೆ ಈ ವಿದ್ಯೆ ಚೆನ್ನಾಗಿ ಬರುತ್ತದೆ. ಬಲ್ಬು ಕಿತ್ತುಬಿಡುವುದು ಸುಲಭದ ದಾರಿ. ಮೀಟರ್ ಬಿಚ್ಚಿ ಒಳಗಿನಿಂದ ಕಪ್ಪು ಟೇಪು ಅಂಟಿಸುವುದು ಇನ್ನೊಂದು. ಬುದ್ಧಿವಂತರು ಅದರ ವೈರನ್ನು ಆಯಿಲ್ ದೀಪಕ್ಕೆ ಜೋಡಿಸಿಬಿಡುತ್ತಾರೆ. ಆಗ ಕೀ ಹಾಕಿದರೆ ಎರಡೂ ಹತ್ತುತ್ತವೆ, ಇಂಜಿನ್ ಶುರುವಾದರೆ ಎರಡೂ ಆರುತ್ತವೆ. ಎರಡೂ ಯಾವಾಗಲೂ ಒಂದೇ ಕ್ಷಣಕ್ಕೆ ಆರಿದರೆ ಅನುಮಾನ ಪಡಬೇಕು. ಇದ್ಯಾವುದೂ ಬೇಡ ಅನ್ನುವವರು ಗಿರಾಕಿ ಬರುವ ಮುಂಚೆ ಬ್ಯಾಟರಿ ಕಳಚಿ ಮತ್ತೆ ಹಾಕುತ್ತಾರೆ. ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಹಳೇದನ್ನೆಲ್ಲ ಮರೆತು, ದೀಪ ಸ್ವಲ್ಪ ದಿನ ಸುಮ್ಮನಿರುತ್ತದೆ. ಜೊತೆಗೆ ಗಡಿಯಾರವೂ ಟೈಮ್ ಮರೆತಿರುತ್ತದೆ, ರೇಡಿಯೋ ಸ್ಟೇಷನ್ನುಗಳೂ ಹೋಗಿರುತ್ತವೆ. ಅಷ್ಟು ದೂರ ಯೋಚನೆ ಮಾಡುವ ವ್ಯಾಪಾರಿ ಕಡಿಮೆ.

ನಮ್ಮ ಭಾವ ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟಾಗ ಜೊತೆಗೆ ನನ್ನನ್ನೂ, ಅವರ ಮಗನನ್ನೂ ಕರೆದರು. ನಾವು ಹೋಗುವಷ್ಟರಲ್ಲಿ ಗಾಡಿ ಸ್ಟಾರ್ಟಿನಲ್ಲೇ ನಿಂತಿತ್ತು. "ನಿಮಗೋಸ್ಕರ ಬಿಸಿ ಮಾಡಿಟ್ಟಿದ್ದೀನಿ ಸಾರ್, ಕೂತ್ಕೊಳಿ, ಒಂದು ರೌಂಡ್ ಹೋಗ್ಬನ್ನಿ" ಅಂದರು ಮಾರುವವರು. ಭಾವನಿಗೆ ಈ ಉಪಚಾರ ತುಂಬಾ ಹಿಡಿಸಿತು. ನಾನು ಆಫ್ ಮಾಡಿಸಿ, ಮತ್ತೆ ಕೀ ಆನ್ ಮಾಡಿ, ಸೆಲ್ಫ್ ಹೊಡೆಯದೆ ಕೂತೆ. ಕೆಂಪು ದೀಪಗಳೆಲ್ಲ ಬಂದವು. ಹಳದಿಯದು ಬರಲಿಲ್ಲ.

"ಇಂಜಿನ್ ಲೈಟು ಬರ್ತಾ ಇಲ್ವಲ್ಲ?" ಅಂದೆ.

"ಇದ್ರಲ್ಲಿ ಅದು ಬರಲ್ಲ ಸಾರ್. ಬೇಸಿಕ್ ಮಾಡೆಲ್."

ಮೊಬೈಲ್ ಟಾರ್ಚನ್ನು ಮೀಟರಿನ ಗಾಜಿಗೆ ಓರೆಯಾಗಿ ಹಿಡಿದೆ. ಧೂಳಿನ ಹಿಂದೆ, ಟೆಂಪರೇಚರ್ ಮುಳ್ಳಿನ ಪಕ್ಕದಲ್ಲಿ, ಆ ಚಿತ್ರ ಮಸುಕಾಗಿ ಕಂಡಿತು. ತೋರಿಸಿದೆ. "ಓ, ಅದಾ!" ಅಂದರು.

ಅಷ್ಟರಲ್ಲಿ ಭಾವನ ಮಗ ಜೇಬಿನಿಂದ ಬ್ಲೂಟೂತ್ ಸ್ಕ್ಯಾನರ್ ತೆಗೆದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸ್ಟೀರಿಂಗ್ ಕೆಳಗೆ ಕೈ ತೂರಿಸಿ, ತಡಕಾಡಿ, ಹದಿನಾರು ಪಿನ್ನಿನ ಸಾಕೆಟ್ಟಿಗೆ ಚುಚ್ಚಿ, ಇಂಜಿನ್ ಶುರು ಮಾಡಿದ. ಫೋನಿನಲ್ಲಿ ಎರಡು ಸಾಲು ಬಂತು. ದೀಪ ಹತ್ತಿಸು ಅಂತ ಕಂಪ್ಯೂಟರ್ ಆಗಲೇ ಹೇಳಿದೆ ಅನ್ನುವುದು ಒಂದು. ಪಿ0135 ಅನ್ನುವ ಕೋಡ್ ಇನ್ನೊಂದು, ಅಂದರೆ ಆಕ್ಸಿಜನ್ ಸೆನ್ಸರಿನ ಹೀಟರ್ ಲೈನಿನಲ್ಲಿ ತೊಂದರೆ. ಇಲ್ಲಿ ನಿಜವಾಗಿಯೂ ಸೆನ್ಸರ್ ಪ್ರಾಬ್ಲಮ್ಮೇ! ಕಂಪ್ಯೂಟರ್ ಹತ್ತಿಸುತ್ತಿದೆ, ಹತ್ತುವುದಕ್ಕೆ ಅಲ್ಲಿ ದೀಪವಿಲ್ಲ.

ದೊಡ್ಡ ಕಾಯಿಲೆಯೇನಲ್ಲ. ಸೆನ್ಸರ್ ಬದಲಾಯಿಸಿದರೆ ಸರಿಹೋಗುವಂಥದ್ದೇ ಇರಬಹುದು. ಗಾಡಿ ಬೇರೆ ಭಾವನ ಮನಸ್ಸಿಗೆ ಬಂದುಬಿಟ್ಟಿತ್ತು. ಬೇಸರವಾಗಿದ್ದು, ಅಷ್ಟಕ್ಕಾಗಿ ಮೀಟರ್ ಬಿಚ್ಚುವ ಶ್ರಮ ತೆಗೆದುಕೊಂಡರಲ್ಲ ಅಂತ. ಅದೇ ಹೊತ್ತಿನಲ್ಲಿ ಸೆನ್ಸರನ್ನೇ ಹಾಕಿಸಬಹುದಿತ್ತು.

"ರೇಟಿನಲ್ಲಿ ಸ್ವಲ್ಪ ನೋಡಿ ಮಾಡ್ಕೊಳಿ" ಅಂದರು ಭಾವ.

ಅವರು ಕಾರನ್ನೊಮ್ಮೆ ನೋಡಿದರು, ನಮ್ಮ ಹುಡುಗನ ಫೋನನ್ನೊಮ್ಮೆ ನೋಡಿದರು. "ಆಯ್ತು ಸಾರ್, ನಿಮ್ಮ ಮಾತಿಗೆ ಬೆಲೆ ಕೊಡ್ತೀನಿ" ಅಂದರು. "ಬಲ್ಬಿನ ದುಡ್ಡು ಬಿಟ್ಟುಬಿಡ್ತೀನಿ."