ಸೈನಿಕನ ಸಂಬಳದಿಂದ ಪತ್ನಿಯ ಜೀವನಾಂಶ: ಸೇನೆಯೇ ಕಡಿತ ಮಾಡುವುದು ಸರಿಯೇ?

ಸೇನೆಯಲ್ಲಿರುವ ಗಂಡ ಮನೆಗೆ ದುಡ್ಡು ಕಳಿಸುವುದನ್ನು ನಿಲ್ಲಿಸಿದರೆ, ಹೆಂಡತಿ ನ್ಯಾಯಾಲಯಕ್ಕೆ ಹೋಗದೆಯೇ ಸೇನೆಗೆ ನೇರವಾಗಿ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. 1950ರ ಸೇನಾ ಕಾಯ್ದೆಯ 90ನೇ ಕಲಂ ಅಧಿಕಾರಿಗಳ ಸಂಬಳದಿಂದಲೂ, 91ನೇ ಕಲಂ ಉಳಿದ ಸೈನಿಕರ ಸಂಬಳದಿಂದಲೂ ಇಂಥ ಕಡಿತಕ್ಕೆ ಅವಕಾಶ ಕೊಡುತ್ತವೆ. ಸೇನೆಯ ಆದೇಶದಂತೆ ಈ ಕಡಿತವು ಪತ್ನಿಗೆ ಶೇ 22, ಪ್ರತಿ ಮಗುವಿಗೆ ಶೇ 5.5, ಒಟ್ಟಾರೆ ಶೇ 33ನ್ನು ಮೀರುವಂತಿಲ್ಲ. ಸಂಬಳ ಮತ್ತು ಭತ್ಯೆ ಸೇರಿ 50,000 ರೂಪಾಯಿ ಬರುವ ಜವಾನನಿಗೆ ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 16,500 ರೂಪಾಯಿವರೆಗೆ ಕಡಿತವಾಗಬಹುದು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಸೇನೆ ಸೇರಿದವರ ಮನೆಗಳಿಗೆ ಇದು ದೂರದ ಚರ್ಚೆಯಲ್ಲ.

ಪರ

ಈ ಕಡಿತವನ್ನು ಆಕ್ಷೇಪಿಸುವವರು ಅದೇ ಕಾಯ್ದೆಯ 28ನೇ ಕಲಮನ್ನು ಓದದೆ ಬಿಡುತ್ತಾರೆ. ಸಿವಿಲ್ ಅಥವಾ ಕಂದಾಯ ನ್ಯಾಯಾಲಯದ ಡಿಕ್ರಿಗಾಗಿ ಸೈನಿಕನ ಸಂಬಳ, ಭತ್ಯೆಗಳನ್ನು ಜಪ್ತಿ ಮಾಡುವಂತಿಲ್ಲ ಎನ್ನುತ್ತದೆ ಆ ಕಲಂ. ಅಂಥ ನ್ಯಾಯಾಲಯದ ಆಜ್ಞೆಯ ಮೇರೆಗೆ ಸಾಲಕ್ಕಾಗಿ ಅವನನ್ನು ಬಂಧಿಸುವಂತಿಲ್ಲ ಎನ್ನುತ್ತದೆ ಅದರ ಮುಂದಿನದು. ಶಾಲಾ ಶಿಕ್ಷಕನೋ ಬ್ಯಾಂಕಿನ ಗುಮಾಸ್ತನೋ ಜೀವನಾಂಶ ಬಾಕಿ ಇಟ್ಟರೆ ಅವನ ಸಂಬಳದಿಂದ ವಸೂಲು ಮಾಡುವ ದಾರಿ ನ್ಯಾಯಾಲಯಕ್ಕೆ ಉಂಟು. ಸೈನಿಕನ ಸಂಬಳಕ್ಕೆ ಸರ್ಕಾರವೇ ರಕ್ಷಣೆ ಕೊಟ್ಟ ಮೇಲೆ, ಆ ರಕ್ಷಣೆಯಿಂದ ಅವನ ಹೆಂಡತಿ ಮಕ್ಕಳು ಉಪವಾಸ ಬೀಳದಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆಯೇ ಹೊರತು ಉಪಕಾರವಲ್ಲ.

ಕೌಟುಂಬಿಕ ನ್ಯಾಯಾಲಯ ಇದೆಯಲ್ಲ ಎನ್ನಬಹುದು. 1955ರ ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿಯಿಂದಾಗಿ ಪತ್ನಿ ತಾನು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು, ನಿಜ. ಆದರೆ ಶಿಗ್ಗಾವಿಯ ತವರುಮನೆಯಲ್ಲಿ ಎರಡು ಮಕ್ಕಳೊಂದಿಗೆ ಕುಳಿತ ಮಹಿಳೆಗೆ ಅರ್ಜಿ ಹಾಕುವುದಕ್ಕಿಂತ ಎದುರುದಾರನಿಗೆ ನೋಟಿಸ್ ಮುಟ್ಟಿಸುವುದೇ ಕಷ್ಟದ ಕೆಲಸ. ಸೈನಿಕನ ಸಮನ್ಸ್ ಅವನ ಕಮಾಂಡಿಂಗ್ ಆಫೀಸರ್ ಮೂಲಕ ಹೋಗಬೇಕು. ಅಷ್ಟರಲ್ಲಿ ಯುನಿಟ್ ಬೇರೆ ಕಡೆಗೆ ಹೊರಟಿರಬಹುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು 60 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂದು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಹೇಳಿದರೂ, ಆ 60 ದಿನಗಳ ಲೆಕ್ಕ ಶುರುವಾಗುವುದು ನೋಟಿಸ್ ತಲುಪಿದ ಮೇಲೆ. ಇದರ ಜೊತೆಗೆ, ವಿಶೇಷ ಪರಿಸ್ಥಿತಿಯಲ್ಲಿ ಅಥವಾ ಯುದ್ಧದ ಕರ್ತವ್ಯದಲ್ಲಿರುವ ಸೈನಿಕನ ವಿರುದ್ಧದ ದಾವೆಯನ್ನು ತಡೆಹಿಡಿಯಲು 1925ರ ಭಾರತೀಯ ಸೈನಿಕರ (ದಾವೆ) ಕಾಯ್ದೆ ಅವಕಾಶ ಕೊಡುತ್ತದೆ. ಕಾಯ್ದೆಯ ಉದ್ದೇಶ ನ್ಯಾಯವಾದದ್ದೇ. ಕಿರಾಣಿ ಅಂಗಡಿಯವನು ಮಾತ್ರ ಉದ್ರಿಯನ್ನು ತಡೆಹಿಡಿಯುವುದಿಲ್ಲ.

ಸೇನೆಗಾದರೋ ಹುಡುಕಾಟದ ಕೆಲಸವಿಲ್ಲ. ಮದುವೆ ಪಾರ್ಟ್ ಟೂ ಆರ್ಡರಿನಲ್ಲಿ, ಅಂದರೆ ಸೈನಿಕನ ವೈಯಕ್ತಿಕ ವಿವರಗಳ ಸೇನಾ ದಾಖಲೆಯಲ್ಲಿ, ನಮೂದಾಗಿರುತ್ತದೆ, ಮಕ್ಕಳ ಹೆಸರು ಅಲ್ಲೇ ಇರುತ್ತದೆ, ಸಂಬಳ ಎಷ್ಟೆಂದು ಯಾರನ್ನೂ ಕೇಳಬೇಕಿಲ್ಲ. ಆದೇಶಕ್ಕೆ ಮುನ್ನ ಜವಾನನಿಗೆ ಕಾರಣ ಕೇಳುವ ನೋಟಿಸ್ ಕೊಡುವುದರಿಂದ ಅವನ ಮಾತಿಗೂ ಎಡೆಯಿದೆ.

ವಿರೋಧ

ಹೆಂಡತಿ ಮಕ್ಕಳನ್ನು ಸಾಕುವುದು ಗಂಡನ ಹೊಣೆ ಎಂಬುದರಲ್ಲಿ ನಮಗೂ ತಕರಾರಿಲ್ಲ. ಎಷ್ಟು ಕೊಡಬೇಕೆಂದು ತೀರ್ಮಾನಿಸುವವರು ಯಾರು ಎಂಬುದರಲ್ಲಿ ತಕರಾರಿದೆ.

ಜೀವನಾಂಶದ ವಿಚಾರಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ನಿರ್ದೇಶನ ಕೊಟ್ಟಿತು. ಸೇನಾಧಿಕಾರಿಯ ಮೇಜಿನ ಮೇಲೆ ಒಬ್ಬರ ಸಂಬಳದ ಚೀಟಿ ಪೈಸೆ ಪೈಸೆಗೂ ಖಚಿತವಾಗಿರುತ್ತದೆ. ಇನ್ನೊಬ್ಬರ ವಿಷಯದಲ್ಲಿ ಪತ್ರವ್ಯವಹಾರದಿಂದ ತಿಳಿದಷ್ಟೇ ಗತಿ. ಸಾಕ್ಷಿಯಿಲ್ಲ, ಪಾಟೀಸವಾಲಿಲ್ಲ. ಕಾರಣ ಕೇಳುವ ನೋಟಿಸಿಗೆ ಉತ್ತರ ಬರೆಯುವ ಜವಾನ, ತನ್ನ ರಜೆ, ಬಡ್ತಿ, ಶಿಸ್ತುಕ್ರಮಗಳನ್ನು ಕೈಯಲ್ಲಿಟ್ಟುಕೊಂಡ ವ್ಯವಸ್ಥೆಗೇ ಉತ್ತರ ಬರೆಯುತ್ತಿರುತ್ತಾನೆ. ಸಿಯಾಚಿನ್ನಿನ ಚಾಕರಿ ಎಂಥದೆಂದು ಕುಂದಗೋಳ ತಾಲೂಕಿನ ಬೆಟದೂರಿಗೆ ಯಾರೂ ವಿವರಿಸಬೇಕಿಲ್ಲ. 2016ರ ಫೆಬ್ರುವರಿಯಲ್ಲಿ ಆ ಊರು ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕಳೆದುಕೊಂಡಿತು. ಅಂಥ ಜಾಗದಲ್ಲಿರುವವನು ವಕೀಲರ ನೆರವಿಲ್ಲದೆ ತನ್ನ ಸಂಸಾರದ ವ್ಯಾಜ್ಯಕ್ಕೆ ಕಾಗದದ ಮೇಲೆ ಉತ್ತರ ಕೊಡಬೇಕು. ಆದೇಶ ತಪ್ಪೆನಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. ಹೈಕೋರ್ಟಿನ ಪೀಠ ಧಾರವಾಡದಲ್ಲೇ ಇದ್ದರೂ, ಆ ಮಂಡಳಿಯ ಪೀಠ ಕರ್ನಾಟಕದಲ್ಲೇ ಇಲ್ಲ.

ಈ ವ್ಯವಸ್ಥೆ ಹೆಂಡತಿಗೂ ಪೂರ್ತಿ ನ್ಯಾಯ ಕೊಡುವುದಿಲ್ಲ ಎಂಬುದು ನಮ್ಮ ಮುಖ್ಯ ವಾದ. ಕಾಯಿಲೆಯ ಮಗುವಿದ್ದರೂ ಶೇ 33ರ ಮಿತಿ ಮಿತಿಯೇ. ನ್ಯಾಯಾಲಯಕ್ಕೆ ಅಂಥ ಕಟ್ಟು ಇಲ್ಲ. ಸೇನಾ ಕಾಯ್ದೆ ಮಾತಾಡುವುದು ‘ಪತ್ನಿ’ ಮತ್ತು ಮಕ್ಕಳ ಬಗ್ಗೆ ಮಾತ್ರ, ವಿಚ್ಛೇದನದ ಡಿಕ್ರಿಯಾದ ಮೇಲೆ ಆಕೆ ಪತ್ನಿಯಲ್ಲ. ನಾಗರಿಕ ಸುರಕ್ಷಾ ಸಂಹಿತೆಯಲ್ಲಾದರೆ ಮರುಮದುವೆಯಾಗದ ವಿಚ್ಛೇದಿತೆಯೂ ಪತ್ನಿ ಎಂಬ ಅರ್ಥದಲ್ಲೇ ಬರುತ್ತಾಳೆ. ಸೇನೆಯ ಕಡಿತವನ್ನೇ ನೆಚ್ಚಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತದೆ ಉಳಿದ ಮಹಿಳೆ, ಡಿಕ್ರಿ ಬಂದಾಗ ಕೈಯಲ್ಲಿ ಒಂದು ಆದೇಶವೂ ಇಲ್ಲದೆ ಮೊದಲಿನಿಂದ ಹೋರಾಟ ಶುರುಮಾಡಬೇಕಾಗುತ್ತದೆ. ಮಹಿಳಾ ಅಧಿಕಾರಿಯ ಸಂಪಾದನೆಯಿಲ್ಲದ ಗಂಡನಿಗಂತೂ ಈ ಕಲಮಿನಲ್ಲಿ ಜಾಗವೇ ಇಲ್ಲ.

28ನೇ ಕಲಮಿನ ವಾದಕ್ಕೆ ಉತ್ತರ ಕೊಡಲೇಬೇಕು. ಕಡಿತದ ಯಂತ್ರ ಸೇನೆಯ ಕೈಯಲ್ಲೇ ಇರಲಿ, ಮೊತ್ತವನ್ನು ಹುಬ್ಬಳ್ಳಿಯ ಕೌಟುಂಬಿಕ ನ್ಯಾಯಾಲಯದಂಥ ನ್ಯಾಯಾಲಯ ನಿಗದಿ ಮಾಡಲಿ. ವಿಚಾರಣೆಯ ದಿನ ಜವಾನನನ್ನು ವಿಡಿಯೊ ಮೂಲಕ ಹಾಜರುಪಡಿಸುವ ಹೊಣೆ ಯುನಿಟ್ಟಿನದಾಗಲಿ. ಅಲ್ಲಿಯವರೆಗೆ ಮನೆ ನಡೆಯಬೇಕಾದ್ದರಿಂದ ಸೇನೆ ಆರು ತಿಂಗಳ ಮಟ್ಟಿಗೆ ತಾನೇ ಕಡಿತ ಮಾಡಬಹುದು. ಆ ಅವಧಿಯೊಳಗೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಲು ಆಕೆಗೆ ಉಚಿತ ಕಾನೂನು ನೆರವನ್ನು ಸೇನೆಯೇ ಒದಗಿಸಬೇಕು.