ಕಡಿಮೆ ಕೊಯ್ದರೂ ಸಾಕು ಎಂದು ತೋರಿಸಿದ ಸರ್ಜನ್

ಬರ್ನಾರ್ಡ್ ಫಿಶರ್ ಎಂಬ ಹೆಸರನ್ನು ನಮ್ಮ ಮಂಡ್ಯದಲ್ಲಿ ಡಾಕ್ಟರುಗಳನ್ನು ಬಿಟ್ಟರೆ ಬೇರೆಯವರು ಕೇಳಿರಲಿಕ್ಕಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ ಸರ್ಜನ್. 1918ರಲ್ಲಿ ಹುಟ್ಟಿ, 101 ವರ್ಷ ಬದುಕಿ, 2019ರಲ್ಲಿ ತೀರಿಕೊಂಡರು. ಅವರ ಋಣ ನಮ್ಮ ಕಡೆಯ ಎಷ್ಟೋ ಹೆಂಗಸರ ಮೇಲಿದೆ. ಸರ್ಜನ್ ಅಂದರೆ ಕೈಗುಣ ಅಂತೀವಿ, ಅಲ್ವಾ? ಇವರು ದೊಡ್ಡವರಾದದ್ದು ಸ್ತನ ಕ್ಯಾನ್ಸರ್‌ಗೆ ಅಷ್ಟೊಂದು ಕೊಯ್ಯಬೇಕಿಲ್ಲ ಅಂತ ಲೆಕ್ಕ ಇಟ್ಟು ತೋರಿಸಿದ್ದರಿಂದ.

19ನೇ ಶತಮಾನದ ಕೊನೆಗೆ ಬಾಲ್ಟಿಮೋರ್‌ನ ವಿಲಿಯಂ ಹಾಲ್‌ಸ್ಟೆಡ್ ಒಂದು ಆಪರೇಷನ್ ರೂಢಿಗೆ ತಂದರು. ಸ್ತನ, ಅದರಡಿಯ ಮಾಂಸಖಂಡ, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ತೆಗೆಯುವುದು. ಬದುವಿನ ಗರಿಕೆಯನ್ನು ಬೇರುಸಮೇತ ಅಗೆದ ಹಾಗೆ. ಬಹಳ ದಶಕ ಅದೇ ನಡೆಯಿತು.

ನಮ್ಮಜ್ಜಿಗೂ ಮೈಸೂರಿನಲ್ಲಿ ಆಗಿದ್ದು ಅದೇ ಆಪರೇಷನ್. ಜೀವ ಉಳಿಯಿತು, ಅದನ್ನು ಮರೆಯೋದಿಲ್ಲ. ಆದರೆ ಎಡಗೈ ಊದಿಕೊಂಡಿತು. ಆ ಕೈಗೆ ಬಳೆ ಏರುತ್ತಿರಲಿಲ್ಲ. ಕೈ ಎತ್ತಿ ತುರುಬು ಕಟ್ಟಲಾಗದೆ ಅಮ್ಮನನ್ನು ಕರೆಯುತ್ತಿದ್ದರು. ರವಿಕೆಯೊಳಗೆ ಹಳೇ ಸೀರೆ ತುಂಡು ಮಡಚಿ ಇಟ್ಟುಕೊಳ್ಳುತ್ತಿದ್ದರು. ಎದೆಯ ಆ ಭಾಗದಲ್ಲಿ ಬರೀ ಚರ್ಮ, ಕೆಳಗೆ ಪಕ್ಕೆಲುಬು. ಸ್ನಾನ ಮಾಡಿಸುವಾಗ ಕಂಡದ್ದನ್ನು ಅಮ್ಮ ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು. ಅಜ್ಜಿ ಮದುವೆಮನೆಗೆ ಹೋಗುವುದನ್ನೇ ಬಿಟ್ಟಿದ್ದರು.

ಫಿಶರ್ ಮೊದಲು ಕೆಲಸ ಮಾಡಿದ್ದು ಲ್ಯಾಬ್‌ನಲ್ಲಿ, ಪ್ಯಾಥಾಲಜಿಸ್ಟ್, ಅಂದರೆ ರೋಗ ತಗುಲಿದ ಮಾಂಸದ ತುಣುಕು ಪರೀಕ್ಷಿಸುವ ಡಾಕ್ಟರ್, ಆಗಿದ್ದ ತಮ್ಮ ಒಡಹುಟ್ಟಿದ ಎಡ್ವಿನ್ ಜೊತೆ. ಕಂಕುಳಿನ ಗ್ರಂಥಿ ಕ್ಯಾನ್ಸರ್ ಕಣಗಳನ್ನು ತಡೆಯುವ ಗೋಡೆಯಲ್ಲ, ಕಣಗಳು ರಕ್ತದಲ್ಲೂ ಓಡಾಡುತ್ತವೆ ಅಂತ ಅವರಿಗೆ ಕಂಡಿತು. ಹಾಗಿದ್ದರೆ ಸುತ್ತ ಜಾಸ್ತಿ ಕೊಯ್ದು ಏನು ಬಂತು?

ಇದನ್ನು ಬಾಯಿಮಾತಲ್ಲಿ ಬಿಡಲಿಲ್ಲ. 1971ರಲ್ಲಿ 1,600ಕ್ಕೂ ಹೆಚ್ಚು ಹೆಂಗಸರ ಮೇಲೆ ಒಂದು ಪರೀಕ್ಷೆ ಶುರುಮಾಡಿದರು. 1976ರಲ್ಲಿ 1,800ಕ್ಕೂ ಹೆಚ್ಚು ಹೆಂಗಸರ ಮೇಲೆ ಇನ್ನೊಂದು. ಎರಡನೆಯದರಲ್ಲಿ ಕೆಲವರಿಗೆ ಪೂರ್ತಿ ಸ್ತನ, ಕೆಲವರಿಗೆ ಗಂಟು ಮಾತ್ರ, ಕೆಲವರಿಗೆ ಗಂಟು ತೆಗೆದು ರೇಡಿಯೇಷನ್. ಯಾರಿಗೆ ಯಾವುದು ಅಂತ ಡಾಕ್ಟರ್ ಆರಿಸುವ ಹಾಗಿಲ್ಲ, ಚೀಟಿ ಎತ್ತಿದಂತೆ ಬರಬೇಕು. ರೋಗಿಗಳನ್ನು ಸೇರಿಸಲು ಎಷ್ಟೋ ಸರ್ಜನ್‌ಗಳೇ ಹಿಂಜರಿದರು. ಭಯದಲ್ಲಿರುವಾಗಲೂ ಒಪ್ಪಿಕೊಂಡ ಆ ಹೆಂಗಸರ ಧೈರ್ಯ ಫಿಶರ್ ಧೈರ್ಯಕ್ಕಿಂತ ದೊಡ್ಡದು ಅಂತ ನಾನು ನಂಬಿದ್ದೇನೆ.

2002ರಲ್ಲಿ ಆ ಎರಡನೇ ಪರೀಕ್ಷೆಯ 20 ವರ್ಷದ ಲೆಕ್ಕ ಬಂತು. ಬದುಕುಳಿಯುವುದರಲ್ಲಿ ಮೂರೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಆದರೆ ಗಂಟು ಮಾತ್ರ ತೆಗೆದವರಲ್ಲಿ ನೂರಕ್ಕೆ 39 ಜನಕ್ಕೆ ಅದೇ ಸ್ತನದಲ್ಲಿ ಮತ್ತೆ ಬಂತು. ರೇಡಿಯೇಷನ್ ಪಡೆದವರಲ್ಲಿ 14 ಜನಕ್ಕೆ. ಇಟಲಿಯ ಮಿಲಾನ್‌ನಲ್ಲಿ ಉಂಬರ್ತೋ ವೆರೊನೇಸಿ ಬೇರೆಯಾಗಿ ಮಾಡಿದ ಪರೀಕ್ಷೆಯಲ್ಲೂ ಸ್ತನ ಉಳಿಸಿದವರು ಅಷ್ಟೇ ಬದುಕಿದರು.

ನಡುವೆ ಕೆನಡಾದ ಒಬ್ಬ ಸರ್ಜನ್ ಫಿಶರ್ ಅವರ ಪರೀಕ್ಷೆಗೆ ಸುಳ್ಳು ಮಾಹಿತಿ ಸೇರಿಸಿದ್ದು ಬಯಲಾಗಿ, 1994ರಲ್ಲಿ ಫಿಶರ್ ಅವರನ್ನು ಪರೀಕ್ಷೆ ನಡೆಸುತ್ತಿದ್ದ ತಂಡದ ಮುಖ್ಯಸ್ಥರ ಸ್ಥಾನದಿಂದ ಇಳಿಸಿದರು. ಆ ಮಾಹಿತಿ ತೆಗೆದುಹಾಕಿ ಲೆಕ್ಕ ಹಾಕಿದರೂ ಉತ್ತರ ಬದಲಾಗಲಿಲ್ಲ. ಆಮೇಲೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಅವರ ಕ್ಷಮೆ ಕೇಳಿತು.

ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಗಂಟು ಕಂಡಾಗ ಚಿಕ್ಕಪ್ಪ ಹೇಳಿದ್ದು ಒಂದೇ ಮಾತು: 'ಪೂರ್ತಿ ತೆಗೆದುಬಿಡಿ ಸಾರ್, ಆಮೇಲೆ ರಗಳೆ ಬೇಡ.' ಡಾಕ್ಟರು ಒಂದು ಹಾಳೆಯಲ್ಲಿ ಚಿತ್ರ ಬರೆದು, ಗಂಟು ಎಷ್ಟಿದೆ, ಎಷ್ಟು ತೆಗೆಯುತ್ತೇವೆ ಅಂತ ತೋರಿಸಿದರು. 'ನೀವು ಹೇಳಿಯಮ್ಮ' ಅಂತ ಚಿಕ್ಕಮ್ಮನನ್ನೇ ಕೇಳಿದರು. ಗಂಟು ಮಾತ್ರ ಸಾಕು ಅಂದರು ಚಿಕ್ಕಮ್ಮ. ಈಗ ಎರಡೂ ಕೈಯಲ್ಲಿ ರಾಗಿಮುದ್ದೆ ಕಟ್ಟುತ್ತಾರೆ.

ಎಲ್ಲರಿಗೂ ಇದು ಆಗೋದಿಲ್ಲ, ನಿಜ. ಗಂಟು ತೀರಾ ದೊಡ್ಡದಾದರೆ, ಸ್ತನದೊಳಗೇ ಹಲವು ಕಡೆ ಹರಡಿದ್ದರೆ, ಪೂರ್ತಿ ತೆಗೆಯಬೇಕಾಗುತ್ತದೆ. ಆದರೆ ನನಗೆ ನೋವಾಗುವುದು ಇನ್ನೊಂದು ವಿಷಯಕ್ಕೆ. ಗಂಟು ಮಾತ್ರ ತೆಗೆಸಿಕೊಂಡರೆ ರೇಡಿಯೇಷನ್‌ಗೆ ವಾರಕ್ಕೆ ಐದು ದಿನ ಹೋಗಬೇಕು. ಹಿಂದೆ ಐದಾರು ವಾರ, ಈಗ ಎಷ್ಟೋ ಜನಕ್ಕೆ ಮೂರು ವಾರ. ಕೂಲಿ ಬಿಟ್ಟು, ಹಾಲು ಕರೆಯೋದು ಬಿಟ್ಟು ದಿನಾ ಮೈಸೂರಿಗೆ ಯಾರು ಓಡಾಡುತ್ತಾರೆ ಅಂತ ಪೂರ್ತಿ ತೆಗೆಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರಿಗೆ ಆಸ್ಪತ್ರೆ ಹತ್ತಿರ ಮೂರು ವಾರ ತಂಗಲು ಒಂದು ರೂಮು, ಊಟ, ಜೊತೆಗಿರುವವರಿಗೊಂದು ಚಾಪೆ ಸಿಗಬೇಕು. ಛತ್ರ ಕಟ್ಟಿಸುವ ಶಕ್ತಿ ಇರುವ ಸಂಘಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅವರ ಹತ್ತಿರ ನಾನು ಕೇಳುತ್ತಿರುವುದು ಇಷ್ಟೇ.