ಗೋಡೆಯ ಚಿತ್ರ ಹರಾಜಿಗೆ ಹೊರಟರೆ ಕಲಾವಿದರನ್ನು ಕೇಳಬೇಕಾ?

ದುಡ್ಡು ಕೊಟ್ಟು ತಂದ ಕಲಾ ಪ್ರಿಂಟು ಮನೆಯಲ್ಲಿದೆ. ಅದನ್ನು ಆನ್‌ಲೈನ್ ಹರಾಜಿಗೆ ಹಾಕುವ ಮೊದಲು ಬರೆದವರ ಒಪ್ಪಿಗೆ ಬೇಕಾ, ಬೇಡವಾ? ಸಾಗರದ ಒಬ್ಬರು ಬೇಕು ಅನ್ನುತ್ತಾರೆ, ಶಿವಮೊಗ್ಗದ ಒಬ್ಬರು ಬೇಡ ಅನ್ನುತ್ತಾರೆ.

ಪರ: ಒಂದು ಮಾತು ಕೇಳಿ

ನಾನು ಹಸೆ ಚಿತ್ತಾರ, ಅಂದರೆ ಮಲೆನಾಡಿನ ದೀವರ ಸಮುದಾಯದ ಹೆಂಗಸರ ಗೋಡೆ ಚಿತ್ರ, ಬರೆಯುವವಳು. ನಮ್ಮಜ್ಜಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚ ಹಿಡಿದು ಅಕ್ಕಿ ಹಿಟ್ಟಿನ ಬಿಳಿ ಎಳೆ ಎಳೆಯುತ್ತಿದ್ದರು. ಆ ಗೋಡೆಯನ್ನು ಕಿತ್ತುಕೊಂಡು ಹೋಗಿ ಮಾರುವವರು ಯಾರೂ ಇರಲಿಲ್ಲ. ನಾನು ಕಾಗದಕ್ಕೆ ಬಂದೆ, ತೊಂದರೆಯೂ ಜೊತೆಗೆ ಬಂತು.

ಒಂದು ಚಿತ್ರಕ್ಕೆ 50 ಪ್ರಿಂಟು ಮಾತ್ರ ತೆಗೆಸುತ್ತೇನೆ. ಪ್ರತಿಯೊಂದಕ್ಕೂ ನಂಬರು ಹಾಕಿ ಪೆನ್ಸಿಲ್‌ನಲ್ಲಿ ಸಹಿ ಮಾಡುತ್ತೇನೆ. 12ನೇ ಪ್ರಿಂಟನ್ನು ಒಂದು ಹೋಮ್‌ಸ್ಟೇಯವರು ಕೊಂಡಿದ್ದರು. ಹೋದ ಮಳೆಗಾಲದಲ್ಲಿ ಗೆಳತಿ ಫೋನ್ ಮಾಡಿದಳು, "ನಿಂದು ಹರಾಜಿಗೆ ಬಂದಿದೆ ನೋಡೇ" ಅಂತ. ನೋಡಿದೆ. ಅದೇ 12. ಮೂಲೆ ಮೂಲೆಯೂ ಕಾಣುವ ಹಾಗೆ ದೊಡ್ಡ, ಚೊಕ್ಕ ಫೋಟೋ. ಸರಿ, ಮಾರಿಕೊಳ್ಳಲಿ ಅಂತ ಸುಮ್ಮನಾದೆ. ಎರಡು ತಿಂಗಳಿಗೆ ಇನ್ನೊಬ್ಬರು ಹರಾಜಿಗಿಟ್ಟರು, ಅದೂ 12! ಮತ್ತೊಬ್ಬರ ಹತ್ತಿರವೂ 12! ಕಳ್ಳರು ಆ ಫೋಟೋವನ್ನೇ ತೆಗೆದು ಪ್ರಿಂಟು ಹೊಡೆದಿದ್ದರು. ನನ್ನ ಸಹಿಯೂ ನಂಬರೂ ಅದರಲ್ಲೇ ಬಂದುಬಿಟ್ಟಿದ್ದವು. ಮೂರರಲ್ಲಿ ಯಾವುದು ಅಸಲಿ ಎಂದು ಕೊಳ್ಳುವವರು ನನ್ನನ್ನೇ ಕೇಳಿದರು.

1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ ಪ್ರಕಾರ ಚಿತ್ರದ ನಕಲು ತೆಗೆಯುವ ಹಕ್ಕು ಬರೆದವರದ್ದು. ಅವರ ಆಯುಸ್ಸು, ಆಮೇಲೆ 60 ವರ್ಷ. ಕಾಗದ ಕೊಂಡವರು ಆ ಹಕ್ಕು ಕೊಂಡಿರುವುದಿಲ್ಲ. ಹಾಗಾದರೆ ಹರಾಜಿಗೆ ಹಾಕುವ ಫೋಟೋ ನಕಲು ಅಲ್ವಾ? ಮಾರಾಟದ ಜಾಹೀರಾತಿಗೆ ಅಂಥ ಫೋಟೋ ತೆಗೆಯಬಹುದು ಎಂದು ಬ್ರಿಟನ್ನಿನವರು 1988ರ ಕಾಯ್ದೆಯಲ್ಲಿ ಬಿಡಿಸಿ ಬರೆದಿದ್ದಾರೆ. ನಮ್ಮ ಕಾಯ್ದೆಯಲ್ಲಿ ಅಂಥ ಸಾಲಿಲ್ಲ.

ಇನ್ನೊಂದಿದೆ. ಅದೇ ಕಾಯ್ದೆಯ 53ಎ ಸೆಕ್ಷನ್. ಮೂಲ ಚಿತ್ರ 10,000 ರೂಪಾಯಿಗಿಂತ ಜಾಸ್ತಿಗೆ ಮತ್ತೆ ಮಾರಾಟವಾದರೆ ಕಲಾವಿದರಿಗೂ ಒಂದು ಪಾಲು, ಹೆಚ್ಚೆಂದರೆ ನೂರಕ್ಕೆ 10. ಪ್ರಿಂಟಿಗೆ ಇದು ಸಿಗುವುದಿಲ್ಲ, ಗೊತ್ತು. ಆದರೂ ಮಾರಿದ ಕೂಡಲೇ ಬರೆದವರ ನಂಟು ಹರಿದುಹೋಗುವುದಿಲ್ಲ ಎಂದು ಕಾಯ್ದೆಯೇ ಒಪ್ಪಿದಂತಾಯಿತಲ್ಲ.

ಚಿತ್ತಾರವೇ ನಿಮ್ಮದಲ್ಲ, ಅದಕ್ಕೆಂಥ ಹಕ್ಕು ಎಂದು ಕೇಳುವವರಿದ್ದಾರೆ. ಹೌದು, ಎಳೆಗಳು, ಬಾಸಿಂಗದ ವಿನ್ಯಾಸ ಯಾವುದೂ ನನ್ನ ಸ್ವಂತದ್ದಲ್ಲ. ದೀವರ ಹೆಂಗಸರೆಲ್ಲರ ಕೈಯಿಂದ ಬಂದದ್ದು. ಆ ಹಾಳೆಯಲ್ಲಿ ಅವನ್ನು ಹೆಣೆದ ರೀತಿ ಮಾತ್ರ ನನ್ನದು.

ಮಾರಬೇಡಿ ಎನ್ನುವುದಿಲ್ಲ. "ಅಕ್ಕಾ, ಮಾರ್ತಾ ಇದ್ದೀನಿ" ಎಂದು ಒಂದು ಮೆಸೇಜ್ ಹಾಕಿದರೆ ಯಾವ ಫೋಟೋ ಹಾಕಬಹುದು ಎಂದು ನಾನೇ ಹೇಳುತ್ತೇನೆ.

ವಿರೋಧ: ಕೇಳುವುದು ಯಾರನ್ನ?

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ನನ್ನದು ಫೋಟೋಗೆ ಕಟ್ಟು ಹಾಕುವ ಅಂಗಡಿ, ಅಪ್ಪನ ಕಾಲದ್ದು. ತೀರ್ಥಹಳ್ಳಿ, ಹೊಸನಗರದ ಕಡೆ ಹಳೇ ಮನೆ ಕೀಳಿಸುವವರು ಜಗಲಿಯಲ್ಲಿದ್ದ ಚಿತ್ರಗಳನ್ನು ನನ್ನ ಹತ್ತಿರ ತಂದು ಹಾಕುತ್ತಾರೆ. ಗಾಜು ಒಡೆದಿರುತ್ತದೆ, ಮೂಲೆಗೆ ಗೆದ್ದಲು ಹಿಡಿದಿರುತ್ತದೆ. ನಡುವೆ ಲಕ್ಷ್ಮಿ ಮಾತ್ರ ನಗುತ್ತಾ ನಿಂತಿರುತ್ತಾಳೆ. ಒರೆಸಿ, ಕಟ್ಟು ಬದಲಿಸಿ ಹರಾಜಿಗೆ ಹಾಕುತ್ತೇನೆ.

ಸಾಗರದ ಅಕ್ಕನಿಗೆ ಆಗಿದ್ದು ಕಳ್ಳತನ. ಅದನ್ನು ಹರಾಜಿನ ತಲೆಗೆ ಕಟ್ಟಬಾರದು. ನಕಲು ಹೊಡೆದವನಿಗೆ ಅದೇ ಕಾಯ್ದೆಯಲ್ಲಿ ಜೈಲಿದೆ, ಮೂರು ವರ್ಷದವರೆಗೆ. ಅಸಲಿ ಪ್ರಿಂಟು ಮಾರುವವನ ಮಾತೇ ಬೇರೆ. ಪ್ರತಿಗಳನ್ನು ಜನರಿಗೆ ಹಂಚುವ ಹಕ್ಕು ಕಲಾವಿದರದ್ದು ಎನ್ನುವ ಸಾಲಿನಲ್ಲೇ, ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳು ಅದಕ್ಕೆ ಸೇರುವುದಿಲ್ಲ ಎಂದು ಬರೆದಿದೆ. ಒಂದು ಸಲ ಮಾರಾಟವಾಯಿತು ಅಂದರೆ ಚಲಾವಣೆಗೆ ಬಂತು, ಅಷ್ಟೇ.

ಈಗ ನನ್ನ ಕಥೆ. ರವಿವರ್ಮರ ಚಿತ್ರದ ಹಳೇ ಪ್ರಿಂಟೊಂದನ್ನು ಏಳು ದಿನದ ಹರಾಜಿಗಿಟ್ಟೆ. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಆ ಚಿತ್ರಕ್ಕೆ ಕೃತಿಸ್ವಾಮ್ಯ ಎಂಬುದೇ ಉಳಿದಿಲ್ಲ. ಆದರೂ ಐದನೇ ದಿನ, ಅದೇ ಚಿತ್ರದ ಕ್ಯಾಲೆಂಡರ್ ಹೊಡೆಯುವ ಒಂದು ಕಂಪನಿಯವರು "ಇದು ನಮ್ಮದು" ಎಂದು ದೂರು ಕೊಟ್ಟರು. ಹರಾಜಿನ ತಾಣದವರು ಹಿಂದೆಮುಂದೆ ನೋಡದೆ ಕಿತ್ತು ಹಾಕಿದರು. ಅವರದ್ದೂ ತಪ್ಪು ಎನ್ನಲಾರೆ. 2013ರ ಕೃತಿಸ್ವಾಮ್ಯ ನಿಯಮದಲ್ಲಿ ದೂರು ಬಂದ 36 ಗಂಟೆಯೊಳಗೆ ತಡೆ ಹಾಕಬೇಕು ಎಂದಿದೆ. ದೂರಿದವರು 21 ದಿನದಲ್ಲಿ ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಅಮೆರಿಕದಲ್ಲೂ ಕಥೆ ಸುಮಾರು ಇದೇ. ನೀವು ಎದುರುತ್ತರ ಕೊಟ್ಟ ಮೇಲೂ 10ರಿಂದ 14 ಕೆಲಸದ ದಿನ ಕಾಯಬೇಕು.

ಲೆಕ್ಕ ಹಾಕಿ. ಹರಾಜು ಏಳು ದಿನ, ನ್ಯಾಯ ಇಪ್ಪತ್ತೊಂದು ದಿನ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬಿಡ್ ಕೂಗಿದ್ದ ಹನ್ನೊಂದು ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಸುಳ್ಳು ಬೆದರಿಕೆ ಹಾಕಿದವರ ಮೇಲೆ ಕೃತಿಸ್ವಾಮ್ಯ ಕಾಯ್ದೆಯ 60ನೇ ಸೆಕ್ಷನ್ನಿನಲ್ಲಿ ಕೋರ್ಟಿಗೆ ಹೋಗಬಹುದು, ನಿಜ. 1,800 ರೂಪಾಯಿಯ ಪ್ರಿಂಟಿಗೆ ವಕೀಲರನ್ನು ಹಿಡಿಯುವುದೆಂದರೆ ಅಡಿಕೆಗಿಂತ ಸುಲಿದ ಕೂಲಿ ಜಾಸ್ತಿ. ಸುಮ್ನೆ ದೂರಿದರೆ ಸಾಕು, ಹರಾಜು ಸತ್ತುಹೋಗುತ್ತದೆ. ಇನ್ನು ಒಪ್ಪಿಗೆಯನ್ನೂ ಕಡ್ಡಾಯ ಮಾಡಿದರೆ?

ಅಲ್ಲದೆ, ಯಾರನ್ನು ಕೇಳುವುದು? ಅಕ್ಕ ಸಾಗರದಲ್ಲೇ ಇದ್ದಾರೆ, ಫೋನೂ ಎತ್ತುತ್ತಾರೆ. ಚಿತ್ರಕಾರ ಕೆ.ಕೆ. ಹೆಬ್ಬಾರರು 1996ರಲ್ಲಿ ತೀರಿಕೊಂಡರು. ಅವರ ಹಕ್ಕು 2056ರವರೆಗೆ ಇದೆ. ಅವರದೊಂದು ಪ್ರಿಂಟು ನನ್ನ ಅಂಗಡಿಗೆ ಬಂದರೆ ಎಲ್ಲಿಗೆ ಕಾಗದ ಬರೆಯಲಿ? ಸಹಿಯೇ ಓದಲಾಗದ ಚಿತ್ರಗಳಂತೂ ರಾಶಿ ಬಿದ್ದಿವೆ.

ಕೊಂಡ ಪ್ರಿಂಟನ್ನು ಕತ್ತರಿಸಿ ಬೇರೆ ರೂಪ ಕೊಡುವುದು ಮಾತ್ರ ನನಗೂ ಗೊಂದಲ. ಕಲಾಕೃತಿಯ ಪ್ರಿಂಟನ್ನು ಟೈಲ್ಸಿಗೆ ಅಂಟಿಸಿ ಮಾರಿದ್ದು ತಪ್ಪು ಎಂದು ಅಮೆರಿಕದ ಒಂದು ಮೇಲ್ಮನವಿ ಕೋರ್ಟು 1988ರಲ್ಲಿ ಹೇಳಿತು. ಅದೇ ಕಂಪನಿ ಅಂಥದ್ದೇ ಕೆಲಸ ಮಾಡಿದ್ದಕ್ಕೆ 1997ರಲ್ಲಿ ಇನ್ನೊಂದು ಕೋರ್ಟು ತಪ್ಪಿಲ್ಲ ಎಂದಿತು. ಕ್ಯಾಲೆಂಡರ್ ದೇವರನ್ನು ಕತ್ತರಿಸಿ ಗಡಿಯಾರ ಮಾಡಿಕೊಡಿ ಎಂದು ನನ್ನ ಹತ್ತಿರವೂ ಬರುತ್ತಾರೆ. ನಾನು ಮಾಡುವುದಿಲ್ಲ. ಕಾಯ್ದೆಗಿಂತ ಅಮ್ಮನ ಹೆದರಿಕೆ ಅದಕ್ಕೆ.

ಫೋಟೋ ವಿಷಯದಲ್ಲಿ ಅಕ್ಕ ಹೇಳಿದ್ದು ನನಗೂ ನಾಟಿತು. ಈಗ ನಾನು ಚಿತ್ರವನ್ನು ಗಾಜಿನ ಸಮೇತ, ಓರೆಯಾಗಿಟ್ಟು ತೆಗೆಯುತ್ತೇನೆ. ನಂಬರಿನ ಮೇಲೆ ಹೆಬ್ಬೆರಳು ಇಡುತ್ತೇನೆ. ಅದರಿಂದ ಯಾರಾದರೂ ನಕಲು ಹೊಡೆದರೆ ಅಂಗಡಿಯ ಶಟರು, ಎದುರಿನ ಆಟೋ, ನನ್ನ ಹೊಟ್ಟೆ, ಎಲ್ಲವೂ ಅದರಲ್ಲಿ ಬರುತ್ತದೆ.